ಭರಣಿ ಬಿದ್ದ ದಿನ

ಅವತ್ತಿನ ಅವಾಂತರಕ್ಕೆಲ್ಲ ಮೂಲ ಒಂದು ಡಬ್ಬಿ ವಾರ್ನಿಶ್. ಅದು ಇಫ್ತಿಕಾರನ ಎರಡೂ ಕೈಗೆ ಮೊಣಕೈತನಕ ಮೆತ್ತಿರದಿದ್ದರೆ ಫೋನನ್ನು ಅವನೇ ಎತ್ತುತ್ತಿದ್ದ. ಅವನೇ ಎತ್ತಿದ್ದರೆ ಹೇಳುವುದಕ್ಕೆ ನಮ್ಮ ಹತ್ತಿರ ಕತೆಯೇ ಇರುತ್ತಿರಲಿಲ್ಲ.

ಚಳ್ಳಕೆರೆಯಲ್ಲಿ ಸುಟ್ಟ ಮೋಟರಿಗೆ ಹೊಸದಾಗಿ ತಂತಿ ಸುತ್ತಿಕೊಡುವವರು ಐದಾರು ಜನರಿದ್ದಾರೆ. ಆದರೆ ಕರಕಲಾದ ಮೋಟರು ಹೊತ್ತು ಬಸ್ಸಿಳಿದವರು ಮೊದಲು ಕೇಳುವುದು ಇಫ್ತಿಕಾರನ ಅಂಗಡಿ ಎಲ್ಲಿ ಎಂದು. ಒಂದು ಸುತ್ತು ಹೆಚ್ಚಿಲ್ಲ, ಒಂದು ಸುತ್ತು ಕಮ್ಮಿಯಿಲ್ಲ ಎನ್ನುವಂತೆ ಅವನು ತಾಮ್ರದ ತಂತಿ ಸುತ್ತುವುದನ್ನು ನೋಡುತ್ತ ನಿಂತರೆ, ನಿಂತವರಿಗೆ ವಾಪಸ್ ಹೋಗುವ ಬಸ್ಸು ತಪ್ಪುತ್ತದೆ. ಇಂಥ ತಾಳ್ಮೆಯ ಮನುಷ್ಯನಿಗೆ ತಕ್ಕ ಹುಚ್ಚೇ ಹಿಡಿಯಿತು. ಎಂಟು ವರ್ಷದ ಹಿಂದೆ ದಾವಣಗೆರೆಯಲ್ಲಿ ಯಾರೋ ಬಳಸಿ ಬಿಟ್ಟ ಕ್ಯಾಮೆರಾವನ್ನೂ ಸೋರೆಕಾಯಿ ಗಾತ್ರದ ಲೆನ್ಸನ್ನೂ ಕೊಂಡು ತಂದ. ಅಲ್ಲಿಂದಾಚೆ ಭಾನುವಾರ ಬಂತೆಂದರೆ ಯಾವುದೋ ಕೆರೆಯ ಏರಿಯ ಮೇಲೆ ಬೋರಲು ಬಿದ್ದಿರುತ್ತಿದ್ದ. ಒಂದು ಓತಿಕ್ಯಾತ ತಲೆಯೆತ್ತಲಿ ಎಂದು ಅವನು ಒಂದೂವರೆ ಗಂಟೆ ಬಿಸಿಲಲ್ಲಿ ಅಲುಗಾಡದೆ ಮಲಗಿದ್ದನ್ನು ಕಂಡು, ದಾರಿಹೋಕರು ಆಂಬ್ಯುಲೆನ್ಸಿಗೆ ಫೋನ್ ಮಾಡಿದ್ದೂ ಉಂಟು.

ಅವನಿಗೆ ಬೇಕಾಗಿದ್ದದ್ದು ಒಂದೇ ಒಂದು ಫೋಟೋ: ಬಂಡೀಪುರದ ಹುಲಿ. ಅದಕ್ಕಾಗಿ ತೇಗದ ಚೌಕಟ್ಟು ಮಾಡಿಸಿ, ಗಾಜು ಹಾಕಿಸಿ, ಅಂಗಡಿಯ ಗೋಡೆಗೆ ಮೊದಲೇ ತಗುಲಿಹಾಕಿದ್ದ. ಕೂಸು ಹುಟ್ಟುವ ಮುಂಚೆ ಕುಲಾವಿ ಎನ್ನುವುದು ಇದಕ್ಕೇ. ಮೂರು ವರ್ಷದಿಂದ ಆ ಚೌಕಟ್ಟಿನಲ್ಲಿ ಬರೀ ಸುಣ್ಣದ ಗೋಡೆ ಕಾಣುತ್ತಿತ್ತು.

"ಎಲ್ಲೋ ನಿನ್ ಹುಲಿ?" ಎಂದು ಬಂದವರೆಲ್ಲ ಕೇಳುವರು.

"ಹುಲ್ಲೊಳಗೈತೆ, ಬರ್ತೈತೆ ಬಿಡ್ರಿ" ಎಂದು ಇಫ್ತಿಕಾರ್ ನಗುವನು. ನಗುತ್ತಿದ್ದನೇ ಹೊರತು ಆ ಪ್ರಶ್ನೆ ಅವನನ್ನು ಚುಚ್ಚುತ್ತಿತ್ತು.

ತಪ್ಪು ಅವನದಲ್ಲ, ಕಾಲದ್ದು. ಮೊದಲ ಸಲ ಶಿವರಾತ್ರಿ ಕಳೆದ ಮೇಲೆ ಹೋದ. ಕಾಡೆಲ್ಲ ಒಣಗಿ, ಜೀಪಿನ ಧೂಳಿನಲ್ಲಿ ಮುಂದಿನ ಸೀಟಿನವರ ತಲೆಯೂ ಕಾಣಲಿಲ್ಲ. ಎರಡನೇ ಸಲ ಜೂನಿನಲ್ಲಿ ಹೋದ. ಜಡಿಮಳೆಗೆ ಲೆನ್ಸಿನೊಳಗೆ ಆವಿ ಕಟ್ಟಿ, ಸಿಕ್ಕಿದ್ದು ಒಂದು ಆನೆಯ ಬಾಲ ಮಾತ್ರ. ಆಮೇಲೆ ಕೂತು ಲೆಕ್ಕ ಹಾಕಿ ಒಂದು ಸೂತ್ರ ಕಂಡುಹಿಡಿದ. ವಸಂತ ಇನ್ನೂ ಮುಗಿದಿರಬಾರದು, ಮಳೆಗಾಲ ಶುರುವಾಗಿರಬಾರದು. ಏಪ್ರಿಲ್ ಕೊನೆಗೆ ಭರಣಿ ನಕ್ಷತ್ರ ಹುಟ್ಟಿ, ಭರಣಿ ಮಳೆ ಒಂದೇ ಒಂದು ಸಲ ಚೆನ್ನಾಗಿ ಬೀಳಬೇಕು. ಬಿದ್ದ ಮೂರನೇ ದಿನ ಬೆಳಿಗ್ಗೆ ಕಾಡಿನಲ್ಲಿರಬೇಕು. ಧೂಳು ಕೂತಿರುತ್ತದೆ, ಹಸಿರು ಚಿಗುರಿರುತ್ತದೆ, ಬೆಳಕು ತೊಳೆದಿಟ್ಟ ಹಾಗಿರುತ್ತದೆ, ಒದ್ದೆ ಹುಲ್ಲು ಬೇಡವೆಂದು ಹುಲಿ ದಾರಿಗೇ ಬರುತ್ತದೆ. ಇನ್ನೊಂದು ಅನುಕೂಲವೂ ಇತ್ತು. ಮಳೆ ಬಿದ್ದರೆ ರೈತರ ಮೋಟರಿಗೆ ಬಿಡುವು, ಮೋಟರಿಗೆ ಬಿಡುವಾದರೆ ಇಫ್ತಿಕಾರನಿಗೂ ಬಿಡುವು.

ತಂಗಿ ಜಬೀನಳನ್ನು ಕೊಟ್ಟಿದ್ದು ಗುಂಡ್ಲುಪೇಟೆಗೆ, ಬಂಡೀಪುರದ ಹೊಸ್ತಿಲಿಗೆ. "ಅಲ್ಲಿ ಭರಣಿ ಬಿದ್ದ ದಿನ ತಕ್ಷಣ ಫೋನ್ ಮಾಡು" ಎಂದು ಅವಳಿಗೆ ಹೇಳಿಟ್ಟಿದ್ದ. ಹೋದ ತಿಂಗಳು ತಾಯಿ ಹಜರಾ ಬೀ ಹಾಕಿದ ಮಾವಿನಕಾಯಿ ಉಪ್ಪಿನಕಾಯಿಯನ್ನು ಅವಳ ಮನೆಗೆ ಮುಟ್ಟಿಸಿ ಬಂದಾಗಲೂ ಅದನ್ನೇ ಮೂರು ಸಲ ಹೇಳಿ ಬಂದಿದ್ದ.

ಮೇ ತಿಂಗಳ ಮೊದಲ ವಾರ, ಬೆಳಿಗ್ಗೆ ಒಂಬತ್ತು ಗಂಟೆಗೆ ಆ ಫೋನು ಬಂತು. ಇಫ್ತಿಕಾರನ ಕೈ ವಾರ್ನಿಶಿನಲ್ಲಿತ್ತು. ಪಕ್ಕದ ಪೈಪಿನ ಅಂಗಡಿಯ ರಾಮಾಂಜನೇಯ ಅಲ್ಲೇ ಸ್ಟೂಲಿನ ಮೇಲೆ ಕೂತು ಪೇಪರ್ ಓದುತ್ತಿದ್ದ. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಎಸ್ಸೆಸ್ಸೆಲ್ಸಿ ಫೇಲಾದವರು. ಪರೋಪಕಾರವೆಂದರೆ ರಾಮಾಂಜನೇಯನಿಗೆ ಪ್ರಾಣ. ಉಪಕಾರ ಮಾಡಿಸಿಕೊಂಡವರ ಪ್ರಾಣ ಮಾತ್ರ ಬಾಯಿಗೆ ಬರುತ್ತಿತ್ತು.

"ಲೇ, ಫೋನ್ ಬಡ್ಕೊಂತೈತೆ."

"ಕೈ ನೋಡೋ ನಂದು. ನೀನೇ ಎತ್ತು."

ರಾಮಾಂಜನೇಯ ಎತ್ತಿದ. ಅವನ ಉರ್ದು ಸಂತೆಯಲ್ಲಿ ಕಲಿತದ್ದು, ಚೌಕಾಸಿಗೂ ಬೈಗುಳಕ್ಕೂ ಸಾಲುವಷ್ಟು. "ಹಾಂ... ಹಾಂಜೀ... ಅಚ್ಛಾ ಅಚ್ಛಾ" ಎಂದ. ಅಷ್ಟರಲ್ಲಿ ಆ ಕಡೆ ಏನೋ ಜಾರಿದ ಸದ್ದಾಗಿ ಫೋನು ನಿಂತಿತು.

"ಜಬೀನ್ ಕಣೋ! ಭರಣಿ ಬಿತ್ತಂತೆ!"

ಇಫ್ತಿಕಾರನ ಕೈಯಿಂದ ಬ್ರಶ್ಶು ಡಬ್ಬಿಯೊಳಗೆ ಬಿತ್ತು. "ನಿಜವಾಗ್ಲೂ?"

"ಸುಮ್ಮನೆ ಬಿದ್ದಿಲ್ಲ. ಮನೆ ತುಂಬ ಕೆಂಪಗೆ ಹರಿದೈತಂತೆ."

"ಕೆಂಪಗಾ?"

"ಆ ಕಡೆ ಕೆಂಪು ಮಣ್ಣಲ್ವೇನೋ ಪೆದ್ದ! ಪಾಪ, ಅಳ್ತಿದ್ಳು ಹುಡುಗಿ. ಸಂತೋಷಕ್ಕಿರ್ಬೇಕು. ಈ ಬಿಸಿಲಿಗೆ ನಮ್ಗೂ ಬಿದ್ರೆ ಅಳು ಬರ್ದೆ ಇರ್ತೈತಾ? ಭರಣಿ ಬಿದ್ರೆ ಧರಣಿಯೆಲ್ಲಾ ಬೆಳೆ ಅಂತ ಗಾದೇನೇ ಐತಲ್ಲ."

ಇಫ್ತಿಕಾರ್ ಕೈ ಒರೆಸಿಕೊಂಡು ವಾಪಸ್ ಫೋನ್ ಮಾಡಿದ. ಸ್ವಿಚ್ ಆಫ್. "ಮಳೆ ಬಂದೈತಲ್ಲ, ಕರೆಂಟ್ ಹೋಗಿರ್ತೈತೆ, ಚಾರ್ಜ್ ಇರಲ್ಲ" ಎಂದು ರಾಮಾಂಜನೇಯ ಅದಕ್ಕೂ ಸಮಾಧಾನ ಹೇಳಿದ.

ಇವತ್ತು ಸಂಜೆ ಆರರ ಬಸ್ಸು ಹಿಡಿದರೆ ನಾಳೆ ಗುಂಡ್ಲುಪೇಟೆ, ನಾಡಿದ್ದು ಬೆಳಿಗ್ಗೆ ಸರಿಯಾಗಿ ಮೂರನೇ ದಿನ. ಅರ್ಧ ವಾರ್ನಿಶ್ ಆದ ಮೋಟರನ್ನು ಬಿಡುವಂತಿಲ್ಲವಾದ್ದರಿಂದ, ಸಫಾರಿಯ ಟಿಕೆಟ್ ಬುಕ್ ಮಾಡುವ ಕೆಲಸವನ್ನೂ ರಾಮಾಂಜನೇಯನೇ ವಹಿಸಿಕೊಂಡ. ಹತ್ತು ನಿಮಿಷ ಫೋನನ್ನು ಒತ್ತಿ, ತೀಡಿ, "ಆತು ನೋಡು, ಒಂದೇ ಸೀಟು ಉಳಿದಿತ್ತು, ಹೊಡ್ಕಂಡೆ!" ಎಂದು ತೋರಿಸಿದ.

ಇಫ್ತಿಕಾರ್ ಓದಿದ. ಮತ್ತೊಮ್ಮೆ ಓದಿದ. "ಇದ್ರಾಗೆ ನಿನ್ ಹೆಸರೈತಲ್ಲೋ!"

"ಆಧಾರ್ ನಂಬರ್ ಕೇಳ್ತು. ನಿಂದು ನಂಗೇನ್ ಗೊತ್ತು? ನಂದೇ ಹಾಕ್ದೆ. ಗೇಟಿನಾಗೆ ನಾನೇ ರಾಮಾಂಜನೇಯ ಅನ್ನು, ಅಷ್ಟೇ."

"ಗಡ್ಡ ನೋಡಿದ್ರೆ ನಂಬ್ತಾರೇನೋ?"

"ಆಂಜನೇಯನಿಗೆ ಗಡ್ಡ ಇರ್ಲಿಲ್ವಾ?"

ಅಲ್ಲಿ ಹೋಗಿ ಕಾಲು ಹಿಡಿದಾದರೂ ಹೆಸರು ಬದಲಿಸಿಕೊಂಡರಾಯಿತು ಎಂದುಕೊಂಡ ಇಫ್ತಿಕಾರ್.

ಅಷ್ಟರಲ್ಲಿ ಮೊಳಕಾಲ್ಮೂರಿನ ನಾಗಕ್ಕ ಬಂದಳು. ಮನೆಯಲ್ಲಿ ಎರಡು ಮಗ್ಗವಿಟ್ಟು ರೇಷ್ಮೆ ಸೀರೆ ನೇಯುವವಳು. ನೂಲು ಸುತ್ತುವ ರಾಟೆಯ ಪುಟ್ಟ ಮೋಟರು ರಿಪೇರಿಗೆ ಕೊಟ್ಟಿದ್ದಳು. ಅವಳು ಕೂರುವ ಮೊದಲೇ ರಾಮಾಂಜನೇಯ ಸುದ್ದಿ ಬಿತ್ತರಿಸಿದ.

"ನಾಗಕ್ಕಾ, ಭರಣಿ ಬಿತ್ತು!"

"ಅಯ್ಯಯ್ಯೋ ದೇವುಡಾ!" ನಾಗಕ್ಕ ಎಲ್ಲಿ, ಎಷ್ಟು ಹೊತ್ತಿಗೆ ಎಂದು ಕೇಳುವ ಗೋಜಿಗೇ ಹೋಗಲಿಲ್ಲ. ಅವತ್ತು ಅವಳ ಬೀದಿಯುದ್ದಕ್ಕೂ ನಾಲ್ಕು ಮನೆಯವರು ಮಗ್ಗಕ್ಕೇರಿಸುವ ರೇಷ್ಮೆ ನೂಲಿನ ಹಾಸನ್ನು ಬಯಲಲ್ಲಿ ಎಳೆದುಕಟ್ಟಿದ್ದರು. ನಾಲ್ಕು ಹನಿ ಬಿದ್ದರೂ ತಿಂಗಳ ಕೆಲಸ ಕೆಟ್ಟಂತೆ. ಫೋನು ಕಿವಿಗಿಟ್ಟು ಕೂಗಿದಳು: "ಏಮೇ, ಭರಣಿ ಬಂತಂತೆ! ಹಾಸು ಒಳಗ್ ತಗಳ್ರೀ! ಯಾರಂದ್ರಾ? ಮೋಟ್ರು ಇಪ್ತಿಕಾರಣ್ಣ ಅಂದ್ರು!"

ಮುಂದಿನ ಅರ್ಧ ಗಂಟೆಯಲ್ಲಿ ಮೊಳಕಾಲ್ಮೂರಿನ ಒಂದು ಬೀದಿಗೆ ಬೀದಿಯೇ ಹಾಸು ಸುತ್ತಿಕೊಂಡು ಮನೆ ಸೇರಿತು. ಆಮೇಲೆ ಆಕಾಶ ನೋಡಿತು. ನೆತ್ತಿ ಸುಡುವ ಬಿಸಿಲು, ಅಂಗೈಯಗಲ ಮೋಡವಿಲ್ಲ. ಆಮೇಲೆ ಇಫ್ತಿಕಾರನ ಫೋನು ಬಡಿದುಕೊಳ್ಳತೊಡಗಿತು. ಬೈಗುಳದಲ್ಲಿ ಅರ್ಧ ಕನ್ನಡ, ಅರ್ಧ ತೆಲುಗು. "ಬಿದ್ದಿದ್ದು ಗುಂಡ್ಲುಪೇಟೆಲಿ ಕಣಮ್ಮಾ, ಅಲ್ಲಿ" ಎಂದು ಅವನು ಹದಿನಾಲ್ಕು ಜನರಿಗೆ ವಿವರಿಸಿದ. ಹದಿನೈದನೆಯವಳು ವಿವರಣೆ ಕೇಳದೆ ಬೈದು ಇಟ್ಟಳು.

ಬುತ್ತಿಗೂ ಬಟ್ಟೆಗೂ ಮನೆಗೆ ಹೋದರೆ ಅಲ್ಲಿ ತಾಯಿ ಕ್ಯಾಮೆರಾದ ಚೀಲವನ್ನು ಮುಂದಿಟ್ಟುಕೊಂಡು ಕೂತಿದ್ದರು. ಹಜರಾ ಬೀಗೆ ಎಪ್ಪತ್ತು ದಾಟಿತ್ತು. ಚಳ್ಳಕೆರೆಯ ಶೇಂಗಾ ಮಂಡಿಯಲ್ಲಿ ಮೂವತ್ತು ವರ್ಷ ಮೂಟೆ ಹೊಲಿದು ಮಕ್ಕಳನ್ನು ಸಾಕಿದ ಜೀವ. ಅವರು ಹೊಲಿದ ಮೂಟೆಗಳ ಲಾರಿಯೊಂದು ಹಿರಿಯೂರಿನ ಹತ್ತಿರ ಉರುಳಿದಾಗ ಲಾರಿಯ ಬಾಗಿಲು ಕಿತ್ತುಬಂದರೂ ಒಂದು ಮೂಟೆಯ ಬಾಯಿ ಬಿಚ್ಚಲಿಲ್ಲವೆಂದು ಹಳೆಯ ಹಮಾಲರು ಈಗಲೂ ಹೇಳುತ್ತಾರೆ. ಮಗನ ಕೈಗೆ ಬಂದ ಬಿಗಿ ಎಲ್ಲಿಂದ ಬಂತೆಂದು ಬೇರೆ ಹೇಳಬೇಕಿಲ್ಲ.

"ಧೂಳು, ಕಳ್ಳರು, ಕಣ್ಣು ದೃಷ್ಟಿ, ಮೂರೂ ತಾಕಬಾರದು ಬೇಟಾ" ಎಂದು ಅವರು ಉರ್ದುವಿನಲ್ಲಿ ಹೇಳಿ ದಬ್ಬಣ ಕೆಳಗಿಟ್ಟರು. ಕ್ಯಾಮೆರಾದ ಚೀಲದ ಮೇಲೆ ಹಳೇ ರಜಾಯಿ, ರಜಾಯಿಯ ಮೇಲೆ ಗೋಣಿ, ಗೋಣಿಯ ಸುತ್ತ ಸುತಳಿಯಲ್ಲಿ ಒತ್ತೊತ್ತಾಗಿ ಹಾಕಿದ ಎರಡೆಳೆ ಹೊಲಿಗೆ. "ಗುಂಡ್ಲುಪೇಟೆಗೆ ಹೋದಮೇಲೆ ಜಬೀನ್ ಬಿಚ್ಚಿಕೊಡುತ್ತಾಳೆ."

ಬೇಡವೆನ್ನಲು ಹೊರಟ ಇಫ್ತಿಕಾರ್ ತಾಯಿಯ ಬೆರಳ ತುದಿಯಲ್ಲಿ ದಬ್ಬಣ ಚುಚ್ಚಿದ ಗಾಯ ನೋಡಿ ಗಂಟನ್ನು ಹಾಗೇ ಎತ್ತಿಕೊಂಡ. ಹೇಗೂ ಚಳ್ಳಕೆರೆಯಲ್ಲಿ ಹುಲಿ ಸಿಗುವುದಿಲ್ಲವಲ್ಲ.

ಹೊರಡುವ ಹೊತ್ತಿಗೆ ಬಾಗಿಲಲ್ಲಿ ಪಾತಣ್ಣನ ಲಗೇಜ್ ಆಟೋ. ದೊಡ್ಡಉಳ್ಳಾರ್ತಿಯ ಕಾವಲು ಎಂಬ ಹುಲ್ಲುಗಾವಲಿನ ಅಂಚಿನಲ್ಲಿ ಇನ್ನೂರು ಕುರಿ ಸಾಕಿಕೊಂಡಿದ್ದ ಹಿರಿಯ. ಅವನ ಕೊಳವೆಬಾವಿಯ ಮೋಟರು ರಿಪೇರಿಯಾಗಿ ಅಂಗಡಿಯಲ್ಲಿ ಕೂತಿತ್ತು.

"ಸಾಬ್ರೆ, ನೀವು ಊರಿಗ್ ಹೊಂಟೀರಂತೆ. ಮೋಟ್ರು ಇಳಿಸ್ಕೊಟ್ಟು ಹೋಗ್ರಿ. ತೊಟ್ಟೀಲಿ ನೀರಿಲ್ಲ. ಕುರಿ ಬೆಳಗಿಂದ ಬಾಯಿ ಬಿಡ್ತಾವೆ."

ಇಫ್ತಿಕಾರ್ ಗಡಿಯಾರ ನೋಡಿದ. ಹನ್ನೆರಡೂವರೆ. ಬೇರೆ ಯಾರಾದರೂ ಆಗಿದ್ದರೆ ಸೋಮವಾರ ಬಾ ಎನ್ನುತ್ತಿದ್ದರು. ಅವನಿಂದ ಆಗಲಿಲ್ಲ. ಇನ್ನೂರು ಬಾಯಾರಿದ ಬಾಯಿಗಳನ್ನು ಬಿಟ್ಟು ಹೋದರೆ ಹುಲಿಯಾದರೂ ತನಗೇಕೆ ಮುಖ ತೋರಿಸಬೇಕು ಎಂದುಕೊಂಡು, ಗೋಣಿ ಗಂಟನ್ನು ಹೆಗಲಿಗೇರಿಸಿ ಆಟೋ ಹತ್ತಿದ. ನಾಲ್ಕೂವರೆಗೆ ಕೆಲಸ ಮುಗಿಸಿದರೆ ಅಲ್ಲಿಂದಲೇ ಬಸ್‌ಸ್ಟ್ಯಾಂಡು.

ದಾರಿಯಲ್ಲಿ ಭರಣಿಯ ಸುದ್ದಿ ಹೇಳಿದಾಗ ಪಾತಣ್ಣ ಒಪ್ಪಲಿಲ್ಲ.

"ಎಲ್ಲೂ ಬಿದ್ದಿಲ್ಲ ಬಿಡ್ರಿ."

"ನನ್ ತಂಗೀನೇ ಫೋನ್ ಮಾಡಿದ್ಳು ಅಣ್ಣ!"

"ನಿಮ್ ತಂಗಿ ಫೋನ್ ಮಾಡಿರ್ಬೋದು. ನನ್ ಕುರಿ ಬೇರೆ ಹೇಳ್ತಾವೆ. ಬೆಳಗಿಂದ ಮೂಡಗಡೆಗೆ ಬೆನ್ನು ಕೊಟ್ಕಂಡು ಒಂದಕ್ಕೊಂದು ಆನ್ಕಂಡು ನಿಂತಾವೆ. ಭರಣಿ ಬಿದ್ರೆ ಮೊದ್ಲು ಇಲ್ಲೇ ಬೀಳೋದು. ಇವತ್ತೇ."

ಇಫ್ತಿಕಾರ್ ಆಕಾಶ ನೋಡಿ ಮುಸಿಮುಸಿ ನಕ್ಕ. ಒಂದು ಮೋಡವಿಲ್ಲ.

ಪೈಪಿಗೆ ಪೈಪು ಜೋಡಿಸಿ, ಸರಪಳಿ ಹಿಡಿದು, ಮೋಟರನ್ನು ನೆಲದೊಳಕ್ಕೆ ಇಳಿಸುವುದು ಮೂರು ತಾಸಿನ ಕೆಲಸ. ನಾಲ್ಕೂವರೆಗೆ ಗುಂಡಿ ಒತ್ತಿದಾಗ ಕೊಳವೆ ಮೊದಲು ಕೆಮ್ಮಿತು, ಆಮೇಲೆ ತೊಟ್ಟಿಗೆ ಬಳಬಳನೆ ನೀರು ಸುರಿಯಿತು. ಕುರಿಗಳು ಓಡಿ ಬಂದು ಮೂತಿಯಿಟ್ಟವು. ಆ ಸದ್ದು ಕೇಳುತ್ತ ಇಫ್ತಿಕಾರನಿಗೆ ಬಸ್ಸು ಕೂಡ ಒಂದು ಗಳಿಗೆ ಮರೆತುಹೋಯಿತು.

ಕುರಿಗಳು ಕುಡಿದು ಸರಿದವು. ಆಗ ಗಾಳಿ ನಿಂತಿತು. ಮೂಡಣದಿಂದ ಒಂದು ಕಪ್ಪು ಗೋಡೆ ಎದ್ದು ಬರುತ್ತಿತ್ತು. ಪಡುವಣದಲ್ಲಿ ಮಾತ್ರ ಸೂರ್ಯ ಇನ್ನೂ ತೆರೆದೇ ಇದ್ದ. ಓರೆ ಬಿಸಿಲು ಬಿದ್ದು ಕಾವಲಿನ ಒಣಹುಲ್ಲೆಲ್ಲ ಚಿನ್ನವಾಯಿತು. ಗುಡುಗು ಹೊರಳಿತು. ಹುಲ್ಲಿನ ಅಂಚಿನಿಂದ, ನೀರಿನ ವಾಸನೆ ಹಿಡಿದು, ಕೃಷ್ಣಮೃಗಗಳು ಬಂದವು. ಮುಂದೆ ಹತ್ತು ಹನ್ನೆರಡು ಹೆಣ್ಣು, ಹಿಂದೆ ಒಂದು ಗಂಡು. ಕಾಡಿಗೆಯ ಮೈ, ಬಿಳಿ ಹೊಟ್ಟೆ, ತಿರುಪು ತಿರುಪಾದ ಕೊಂಬು. ಇಫ್ತಿಕಾರ್ ಈ ಪ್ರಾಣಿಯನ್ನು ನೂರು ಸಲ ದೂರದಿಂದ ಕಂಡಿದ್ದ. ಇಷ್ಟು ಹತ್ತಿರ, ಇಂಥ ಬೆಳಕಿನಲ್ಲಿ, ಹಿಂದೆ ಇಂಥ ಕಪ್ಪು ಮೋಡವಿಟ್ಟುಕೊಂಡು ನಿಂತದ್ದನ್ನು ಕಂಡಿರಲಿಲ್ಲ. ಎಂಥ ಚೆಲುವು! ಅವನ ಕಣ್ಣು ತುಂಬಿಬಂತು.

ಮರುಗಳಿಗೆಯಲ್ಲಿ ಗೋಣಿ ಗಂಟಿನ ಮೇಲೆ ಬಿದ್ದ.

ಹೊಲಿಗೆ ಎಳೆದ, ಬರಲಿಲ್ಲ. ಉಗುರು ಹಾಕಿದ, ಉಗುರು ಮುರಿಯಿತು. ಹಲ್ಲು ಹಾಕಿ ಸುತಳಿ ಕಚ್ಚಿದ. ಮಂಡಿಯೂರಿ, ಬೆನ್ನು ಮೇಲೆ ಮಾಡಿ, ಗಂಟನ್ನು ಎರಡು ಕಾಲಿನ ನಡುವೆ ಅದುಮಿಕೊಂಡು ಜಗ್ಗಿದ. ಹಜರಾ ಬೀಯ ಹೊಲಿಗೆ ಜಗ್ಗಲಿಲ್ಲ. ಪಾತಣ್ಣನ ಸೊಂಟದಲ್ಲಿ ಕುಡುಗೋಲು ಕಂಡಿತು. ಬಾಯಲ್ಲಿ ಸುತಳಿ ಕಚ್ಚಿಕೊಂಡೇ ಅವನು ಪಿಸುಗುಟ್ಟುವ ಕೂಗಿನಲ್ಲಿ ಅಂಗಲಾಚಿದ:

"ತೆಗಿಯಣ್ಣಾ! ಬೇಗ ತೆಗಿ! ತೆಗಿ!"

ಫಳಾರನೆ ಮಿಂಚಿತು. ಕರಿಯ ಗಂಡು ಹೆದರಿ, ನಿಂತಲ್ಲಿಂದಲೇ ಆಳೆತ್ತರ ಚಿಮ್ಮಿ, ನೀರಿನ ತೊಟ್ಟಿಯನ್ನು ದಾಟಿ ಆಚೆ ಹಾರಿತು. ಮೊದಲ ಹನಿಗಳು ತಟತಟನೆ ಬಿದ್ದವು. ಹಿಂಡು ಹುಲ್ಲಿನಲ್ಲಿ ಕರಗಿತು. ಗೋಣಿಯ ಒಂದೇ ಒಂದು ಹೊಲಿಗೆ ಬಿಚ್ಚಿತ್ತು.

ಮಳೆ ಧೋ ಎಂದು ಇಳಿಯಿತು. ಇಬ್ಬರೂ ಆಟೋದ ತಾಡಪಾಲಿನ ಕೆಳಗೆ ನುಗ್ಗಿದರು. ಇಫ್ತಿಕಾರ್ ಅಳುವುದೊಂದು ಬಾಕಿ.

"ಯಾಕಣ್ಣ ತೆಗಿಲಿಲ್ಲ ನೀನು?"

"ತೆಗೆದ್ನಲ್ಲ!" ಎಂದ ಪಾತಣ್ಣ, ಅಂಗಿಯ ಜೇಬಿನಿಂದ ಫೋನು ತೆಗೆದು. "ತೆಗಿ ತೆಗಿ ಅಂತ ಮೂರು ಸಲ ಅಂದ್ರಲ್ಲ. ಮಗಳು ಗುಂಡಿ ತೋರ್ಸಿಕೊಟ್ಟಿದ್ಳು. ಒತ್ತಿದೆ."

ಗಾಜು ಒಡೆದ ಆ ಸಣ್ಣ ಫೋನಿನಲ್ಲಿ ಎಲ್ಲವೂ ಇತ್ತು. ಚಿನ್ನದ ಹುಲ್ಲು, ಕಪ್ಪು ಮೋಡ, ಮೋಡ ಸೀಳಿದ ಮಿಂಚು. ನಾಲ್ಕು ಕಾಲೂ ನೆಲ ಬಿಟ್ಟು ಗಾಳಿಯಲ್ಲಿ ತೇಲುತ್ತಿದ್ದ ಕೃಷ್ಣಮೃಗ. ಅದರ ಕೆಳಗೆ, ಚಿತ್ರದ ಸರಿಯಾಗಿ ನಡುವೆ, ಮಂಡಿಯೂರಿ ಗೋಣಿಚೀಲ ಕಚ್ಚುತ್ತಿದ್ದ ಇಫ್ತಿಕಾರನ ಹಿಂಭಾಗ. ಅವನಿಗೆ ಹೊಟ್ಟೆ ಉರಿಯಿತು. ಇನ್ನೊಮ್ಮೆ ನೋಡಿದ. ಉರಿ ತಣ್ಣಗಾಯಿತು. ಎಂಟು ವರ್ಷದಲ್ಲಿ ತಾನು ಇಂಥದೊಂದು ತೆಗೆದಿರಲಿಲ್ಲ. "ಅಣ್ಣಾ, ನೀನು ದೊಡ್ಡೋನು" ಎಂದ, ಮನಸ್ಸಿನಿಂದಲೇ.

ಆಗ ಜಬೀನಳ ಫೋನು ಬಂತು. ಈ ಸಲ ಅವನೇ ಎತ್ತಿದ.

"ಬೆಳಿಗ್ಗೆ ನಿಮ್ಮ ಗೆಳೆಯರು ಹೇಳಿದರಾ ಭಾಯಿ? ಬರ್ನಿ ಗಿರ್ ಗಈ!" ಎಂದು ಅವಳು ಮತ್ತೆ ಅತ್ತಳು. "ಅಜ್ಜಿಯ ಕಾಲದ ಪಿಂಗಾಣಿ ಬರ್ನಿ. ಅಮ್ಮ ಉಪ್ಪಿನಕಾಯಿ ತುಂಬಿ ಕಳಿಸಿದ್ದು. ಕೈ ಜಾರಿ ಬಿದ್ದು ಅಡುಗೆಮನೆಯೆಲ್ಲ ಕೆಂಪು ಎಣ್ಣೆ. ಅದನ್ನು ಹೇಳೋವಾಗಲೇ ಫೋನೂ ಜಾರಿ ಅದರೊಳಗೇ ಬಿತ್ತು. ಈಗ ರಿಪೇರಿಯಾಗಿ ಬಂತು."

"ಮಳೆ?" ಎಂದ ಇಫ್ತಿಕಾರ್, ಬತ್ತಿದ ದನಿಯಲ್ಲಿ.

"ಎಲ್ಲಿಯ ಮಳೆ? ಧೂಳು ಹಾರ್ತಾ ಇದೆ. ಇನ್ನೊಂದು ಬರ್ನಿ ಇದೆಯಲ್ಲ ಅಮ್ಮನ ಹತ್ತಿರ, ಅದನ್ನ ಕಳಿಸಿಕೊಡಿ."

ಮನೆಯ ಉರ್ದುವಿನ ಬರ್ನಿ ರಾಮಾಂಜನೇಯನ ಕಿವಿಯಲ್ಲಿ ನಕ್ಷತ್ರವಾಗಿತ್ತು. ಉಪ್ಪಿನಕಾಯಿಯ ಭರಣಿ ಗುಂಡ್ಲುಪೇಟೆಯಲ್ಲಿ ಬಿದ್ದಿತ್ತು, ಮಳೆಯ ಭರಣಿ ಚಳ್ಳಕೆರೆಯಲ್ಲಿ ಬೀಳುತ್ತಿತ್ತು. ಪಾತಣ್ಣನ ಕುರಿಗಳು ಹೇಳಿದ್ದೇ ಸರಿ.

ಆ ಮಳೆ ಹಾಗೇ ಮೊಳಕಾಲ್ಮೂರಿಗೂ ಹೋಯಿತು. ಹಾಸೆಲ್ಲ ಮನೆಯೊಳಗೆ ಬೆಚ್ಚಗಿತ್ತು. ಬೆಳಿಗ್ಗೆ ಬೈದವರೆಲ್ಲ ಸಂಜೆ ಫೋನ್ ಮಾಡಿ, "ಅಣ್ಣಾ, ನಿಮ್ದು ದೇವರ ಬಾಯಿ" ಎಂದರು. ನಾಗಕ್ಕನಂತೂ ಮುಂದಿನ ಕೃತ್ತಿಕೆ ಮಳೆ ಯಾವತ್ತು ಎಂದು ಕೇಳಿದಳು.

ಮೂರನೇ ದಿನದ ಸೂತ್ರ ಚಳ್ಳಕೆರೆಗೂ ನಡೆಯುತ್ತದಲ್ಲ, ನಾಡಿದ್ದು ಬೆಳಿಗ್ಗೆ ಕ್ಯಾಮೆರಾ ಹಿಡಿದು ಕಾವಲಿಗೇ ಬರುತ್ತೇನೆ ಎಂದು ಇಫ್ತಿಕಾರ್ ಸಮಾಧಾನ ಮಾಡಿಕೊಂಡ. ಮರುದಿನ ಅಂಗಡಿಯ ಬಾಗಿಲು ತೆಗೆದರೆ ಜಗುಲಿಯ ಮೇಲೆ ಹನ್ನೊಂದು ಮೋಟರು ಸಾಲಾಗಿ ಕೂತಿದ್ದವು. ಮಳೆಗೆ ಬಿಡುವು ಸಿಗುತ್ತದೆಂದು ಸೂತ್ರ ಹೇಳಿತ್ತು. ಸಿಡಿಲಿಗೆ ಮೋಟರು ಸುಡುತ್ತದೆಂಬುದನ್ನು ಸೂತ್ರ ಮರೆತಿತ್ತು.

ಟಿಕೆಟ್ ಹೇಗೂ ರಾಮಾಂಜನೇಯನ ಹೆಸರಿನಲ್ಲಿತ್ತು. "ವೇಸ್ಟ್ ಆಗೋದ್ಯಾಕೆ, ನಾನೇ ಹೋಗಿ ಬರ್ತೀನಿ" ಎಂದು ಅವನೇ ಹೊರಟ. ಹಜರಾ ಬೀ ಉಳಿದ ಒಂದು ಭರಣಿಗೆ ಉಪ್ಪಿನಕಾಯಿ ತುಂಬಿ ಅವನ ತೊಡೆಯ ಮೇಲಿಟ್ಟು, ಜಬೀನಳ ಕೈಗೇ ಕೊಡಬೇಕು, ಅಲ್ಲಿಯತನಕ ಕೆಳಗಿಡಕೂಡದು ಎಂದು ಆಣೆ ಹಾಕಿಸಿದರು. ಬಸ್ಸು ದಾರಿಯಲ್ಲಿ ಕೆಟ್ಟು, ಅವನು ಜಬೀನಳ ಮನೆಗೂ ಹೋಗದೆ ನೇರ ಸಫಾರಿಯ ಗೇಟಿಗೆ ಓಡಬೇಕಾಯಿತಂತೆ.

ಇತ್ತ ಇಫ್ತಿಕಾರ್ ತೇಗದ ಚೌಕಟ್ಟಿಗೆ ಪಾತಣ್ಣನ ಫೋಟೋವನ್ನೇ ಹಾಕಿದ. ಕೆಳಗೆ ತನ್ನ ಕೈಯಾರೆ "ತೆಗೆದವರು: ಪಾತಣ್ಣ, ದೊಡ್ಡಉಳ್ಳಾರ್ತಿ" ಎಂದು ಬರೆದ. ಬಂದವರು ಕೃಷ್ಣಮೃಗ ನೋಡಿ ಆಹಾ ಎಂದು, ಆಮೇಲೆ ಬಗ್ಗಿ ನೋಡಿ, "ಕೆಳಗಿರೋದು ಯಾವ ಪ್ರಾಣಿ?" ಎಂದು ಕೇಳತೊಡಗಿದರು.

ಸಫಾರಿಯ ದಿನ ಮಧ್ಯಾಹ್ನ ರಾಮಾಂಜನೇಯನ ಫೋನು ಬಂತು. ಇಫ್ತಿಕಾರನ ಕೈ ವಾರ್ನಿಶಿನಲ್ಲಿತ್ತು. ಆದರೂ ಯಾರಿಗೂ ಕೊಡದೆ ಮೊಣಕೈಯಲ್ಲೇ ಒತ್ತಿ ಕಿವಿ ಬಗ್ಗಿಸಿದ.

"ಲೇ ಇಪ್ತಿಕಾರಾ! ಹುಲಿ ಕಣೋ! ದಾರೀ ಮಧ್ಯದಾಗೆ! ಹತ್ತು ನಿಮಿಷ ನನ್ನೇ ನೋಡ್ತಾ ನಿಂತಿತ್ತು!"

ಇಫ್ತಿಕಾರ್ ಕಿವಿಯನ್ನು ಫೋನಿಗೆ ಒತ್ತಿದ. "ಫೋಟೋ ತೆಗೆದ್ಯಾ?"

"ಹೆಂಗ್ ತೆಗೀಲೋ? ಎರಡೂ ಕೈಯಾಗೆ ನಿಮ್ಮಮ್ಮನ ಭರಣಿ! ಆದ್ರೆ ಒಂದು ಮಾತು ಕಣೋ," ಎಂದ ರಾಮಾಂಜನೇಯ, ಹೆಮ್ಮೆಯಿಂದ ಗಂಟಲು ಸರಿಮಾಡಿಕೊಂಡು, "ಅಷ್ಟು ನಡುಗಿದ್ರೂ ಭರಣಿ ಮಾತ್ರ ಬೀಳ್ಲಿಲ್ಲ!"